ಷರತ್ತಿನ ಕಂದಾಯವೂ ದೊರೆಯ ಹೊಣೆಯೂ

ಶ್ರಾವಕನು ಸ್ವೀಕರಿಸುವ ಅಣುವ್ರತಗಳಲ್ಲಿ ಮೂರನೆಯದಾದ ಅಚೌರ್ಯಕ್ಕೆ ಜೈನಾಚಾರ್ಯರು ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ವಿರುದ್ಧರಾಜ್ಯಾತಿಕ್ರಮವೆಂಬುದು ವ್ಯಾಪಾರಿ ಮನೆತನಗಳಿಗೆ ಚಿರಪರಿಚಿತವಾದುದು. ರಾಜ್ಯದ ಕಟ್ಟಳೆಯನ್ನು ಮೀರಿ ಕೊಡುಕೊಳ್ಳುವಿಕೆ ನಡೆಸಬಾರದು, ಸುಂಕವನ್ನು ತಪ್ಪಿಸಬಾರದು ಎಂದು ದಶಲಕ್ಷಣ ಪರ್ವದ ಪ್ರವಚನಗಳಲ್ಲಿ ಪ್ರತಿವರ್ಷವೂ ಕೇಳಿಬರುತ್ತದೆ. ಅದೇ ಪಟ್ಟಿಯ ಮೊದಲೆರಡು ಅತಿಚಾರಗಳ ವಿಚಾರ ಅಷ್ಟಾಗಿ ಬರುವುದಿಲ್ಲ. ತಾನು ಕದಿಯದೆ ಇನ್ನೊಬ್ಬನನ್ನು ಕದಿಯಲು ಪ್ರೇರಿಸುವುದು ಸ್ತೇನಪ್ರಯೋಗ. ಹಾಗೆ ತಂದ ವಸ್ತುವನ್ನು ಕೇಳದೆ ಸ್ವೀಕರಿಸುವುದು ತದಾಹೃತಾದಾನ. ಕಳವಿನ ಚಿನ್ನವನ್ನು ಅಗ್ಗಕ್ಕೆ ಕೊಳ್ಳುವ ಅಂಗಡಿಕಾರನ ಉದಾಹರಣೆಯನ್ನು ಹೇಳಿ ಇವುಗಳನ್ನು ಮುಗಿಸುವುದು ವಾಡಿಕೆ.

ಆದರೆ ವ್ರತವು ಅಂಗಡಿಯವನಿಗೆ ಮಾತ್ರವೇ? ಸುಂಕ ಕೊಡುವವನನ್ನು ಕಟ್ಟಿಹಾಕುವ ಧರ್ಮವು ಸುಂಕ ಎತ್ತುವವನನ್ನು ಬಿಟ್ಟುಬಿಡುತ್ತದೆಯೇ? ಹತ್ತನೆಯ ಶತಮಾನದಲ್ಲಿ ‘ನೀತಿವಾಕ್ಯಾಮೃತ’ವನ್ನು ರಚಿಸಿದ ಸೋಮದೇವಸೂರಿಯು ದಿಗಂಬರ ಮುನಿಯಾಗಿದ್ದೂ ಕೋಶದ ವಿಚಾರಕ್ಕಾಗಿಯೇ ಒಂದು ಪ್ರಕರಣವನ್ನು ಮೀಸಲಿಟ್ಟನು. ಬೊಕ್ಕಸ ತುಂಬಬೇಕೆಂಬುದನ್ನು ಅವನು ಅಲ್ಲಗಳೆಯಲಿಲ್ಲ. ಅದು ತುಂಬುವ ಬಗೆಯನ್ನು ಪ್ರಶ್ನಿಸಿದನು. ಆ ಪ್ರಶ್ನೆಯನ್ನು ಹಿಡಿದು ಒಂದು ನಿಜವಾದ ಆಳ್ವಿಕೆಯನ್ನು ತೂಗಿನೋಡುವುದಾದರೆ ಕನ್ನಡ ನಾಡಿನಲ್ಲಿ ಮೈಸೂರಿನ 1811ರಿಂದ 1831ರವರೆಗಿನ ಇಪ್ಪತ್ತು ವರ್ಷಗಳಿಗಿಂತ ತಕ್ಕ ಪ್ರಕರಣ ದೊರೆಯುವುದು ಕಷ್ಟ. ಅದರ ತೀರ್ಪು ಬಹುಮಟ್ಟಿಗೆ ಇಂದಿನ ದಾವಣಗೆರೆ ಜಿಲ್ಲೆಯ ನೆಲದಲ್ಲಿಯೇ ಬರೆಯಲ್ಪಟ್ಟಿತು.

1997ರಲ್ಲಿ ರಚಿತವಾದ ಈ ಜಿಲ್ಲೆಯಲ್ಲಿ ಎರಡು ಹಳೆಯ ಸೀಮೆಗಳು ಕೂಡಿಕೊಂಡಿವೆ. ದಾವಣಗೆರೆ ಹರಿಹರಗಳು ಚಿತ್ರದುರ್ಗದ ಕಡೆಯವು; ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗದ, ಅಂದರೆ ಹಿಂದಿನ ನಗರ ಪ್ರಾಂತ್ಯದ ಕಡೆಯವು. ಒಂದು ಸೀಮೆ ಪೇಟೆಯಿಂದ ಬದುಕಿತು, ಇನ್ನೊಂದು ದಂಗೆ ಎದ್ದಿತು. ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯಂತಹ ಗ್ರಾಮಗಳು ಈ ಎರಡರ ನಡುವಣ ಪ್ರದೇಶದಲ್ಲಿವೆ. ಮಲೆನಾಡಿನ ಅಡಕೆ ಮೂಡಲಿಗೂ, ಕರಾವಳಿಯ ಉಪ್ಪು ಒಳನಾಡಿಗೂ ಎತ್ತಿನ ಹೇರುಗಳ ಮೇಲೆ ಸಾಗುತ್ತಿದ್ದುದು ಈ ಸೀಮೆಯಲ್ಲಿಯೇ. ಅಂತಹ ಹಳ್ಳಿಯ ಪಟೇಲ ಶಾನುಭೋಗರ ಪಾಲಿಗೆ ಮೈಸೂರಿನ ದೊರೆಯೆಂದರೆ ಅಮಲ್ದಾರನೇ; ಅಮಲ್ದಾರನ ಮೇಲೆ ಫೌಜುದಾರ. ಅದಕ್ಕಿಂತ ಮೇಲಿನವರ ಮುಖವನ್ನು ಅವರು ಕಂಡವರಲ್ಲ.

ದಾವಣಗೆರೆಯ ಏಳಿಗೆಯ ಕಥೆಯನ್ನು ಮೊದಲು ಹೇಳಬೇಕು, ಏಕೆಂದರೆ ತೆರಿಗೆಯ ನೀತಿ ಊರನ್ನು ಹೇಗೆ ಕಟ್ಟಬಲ್ಲದೆಂಬುದಕ್ಕೆ ಅದು ಸಾಕ್ಷಿ. ಮೊದಲು ಇದು ಬೇತೂರಿನ ಒಂದು ಹೊರವಲಯದ ಸಣ್ಣ ಹಳ್ಳಿ. ಹೈದರಾಲಿಯು ಇದನ್ನು ಅಪ್ಪಾಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನು. ಆತನು ವರ್ತಕರನ್ನು ಕರೆದು ಇಲ್ಲಿ ನೆಲೆಗೊಳ್ಳುವಂತೆ ಉತ್ತೇಜಿಸಿದನು. ಆತನು ಸಂತಾನವಿಲ್ಲದೆ ತೀರಿಕೊಂಡರೂ ಪೇಟೆ ಬೆಳೆಯುತ್ತಲೇ ಹೋಯಿತು. ಮಲೆನಾಡಿನ ಅಡಕೆ ಮೆಣಸುಗಳು ಇಲ್ಲಿಂದ ಉತ್ತರ ಆರ್ಕಾಟಿನ ವಾಲಾಜಾಪೇಟೆಗೆ ಹೋಗುತ್ತಿದ್ದವು. ಮದರಾಸಿನ ರೇವಿನಲ್ಲಿ ಇಳಿದ ಯೂರೋಪು ಚೀನಗಳ ಸರಕು ಮರುಹೇರಿನಲ್ಲಿ ಬರುತ್ತಿತ್ತು. ಉಪ್ಪು ಕುಮಟೆ, ಸದಾಶಿವಗಡ, ಗೋವೆಗಳಿಂದ ಬರುತ್ತಿತ್ತು. ಇಲ್ಲಿ ನೇಯ್ದ ಕಂಬಳಿಗಳಲ್ಲಿ ಕೆಲವು ಇನ್ನೂರು ಮುನ್ನೂರು ರೂಪಾಯಿ ಬೆಲೆಬಾಳುತ್ತಿದ್ದವೆಂದು ಹತ್ತೊಂಬತ್ತನೆಯ ಶತಮಾನದ ಗ್ಯಾಸೆಟಿಯರು ದಾಖಲಿಸಿದೆ. ಈ ವರ್ತಕರಲ್ಲಿ ಬಹುಪಾಲು ಶಿವಭಕ್ತರು. ಅವರನ್ನು ಇಲ್ಲಿ ನಿಲ್ಲಿಸಿದ್ದು ಕೋಟೆಯಲ್ಲ, ನದಿಯೂ ಅಲ್ಲ. ನಾಳೆ ಏನನ್ನು ಕೊಡಬೇಕಾದೀತೆಂಬುದು ಇಂದೇ ತಿಳಿದಿರುತ್ತದೆ ಎಂಬ ಭರವಸೆ. ವ್ಯಾಪಾರಿಗೆ ಹೆಚ್ಚಿನ ಸುಂಕಕ್ಕಿಂತಲೂ ಗೊತ್ತಿಲ್ಲದ ಸುಂಕವೇ ಭಯಂಕರವಾದುದು.

1799ರಲ್ಲಿ ಟಿಪ್ಪುವಿನ ಪತನದ ಬಳಿಕ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಇಂಗ್ಲಿಷರು ಗದ್ದುಗೆಯ ಮೇಲೆ ಕೂರಿಸಿದರು. ಅದರ ಬೆಲೆಯನ್ನು ಮೊದಲ ದಿನವೇ ಬರೆದಿಟ್ಟರು. ವರ್ಷಕ್ಕೆ ಏಳು ಲಕ್ಷ ನಕ್ಷತ್ರ ವರಹ, ಅಂದರೆ 24 ಲಕ್ಷ 50 ಸಾವಿರ ರೂಪಾಯಿ, ಕಂಪನಿಗೆ ಸಹಾಯಧನವಾಗಿ ಸಲ್ಲಬೇಕು. ಬೆಳೆ ಬಂದರೂ ಬರ ಬಿದ್ದರೂ ಅದು ಇಳಿಯುವಂತಿಲ್ಲ. 1807ರ ಒಪ್ಪಂದದಿಂದ ನಾಲ್ಕು ಸಾವಿರ ಕುದುರೆಯ ಸಿಲ್ಲೇದಾರ್ ಪಡೆಯನ್ನು ಸಾಕುವ ಭಾರವೂ ಸೇರಿತು. ಲೆಕ್ಕ ಬಲ್ಲವರಿಗೆ ಇದರ ಅರ್ಥ ಬೇಗನೆ ತಿಳಿಯುತ್ತದೆ. ಆದಾಯ ಏರಿಳಿಯುವಂತಹುದು, ಖರ್ಚು ಕದಲದಂತಹುದು. ಇಂತಹ ಅಂಗಡಿಯನ್ನು ನಡೆಸುವವನಿಗೆ ಒಂದೋ ದೊಡ್ಡ ಮೂಲನಿಧಿ ಇರಬೇಕು, ಇಲ್ಲವೇ ಅತಿಶಯವಾದ ಮಿತವ್ಯಯ ಇರಬೇಕು.

ದಿವಾನ್ ಪೂರ್ಣಯ್ಯನವರಲ್ಲಿ ಮಿತವ್ಯಯವಿತ್ತು. 1811ರಲ್ಲಿ ಅವರು ಅಧಿಕಾರ ಬಿಟ್ಟಾಗ ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗೂ ಮೀರಿದ ಸಂಗ್ರಹವಿತ್ತೆಂಬುದು ಇಂಗ್ಲಿಷ್ ಬರಹಗಾರರ ಲೆಕ್ಕ. ಅವರನ್ನು ಹೊಗಳುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಮಿಗತೆಯನ್ನೇ ಆಡಳಿತದ ಸಾಮರ್ಥ್ಯಕ್ಕೆ ಪ್ರಮಾಣವೆಂದು ಕಂಡ ಆ ದೃಷ್ಟಿಯಲ್ಲಿ ಒಂದು ದೋಷವೂ ಇತ್ತು. ಕೂಡಿಟ್ಟ ಎರಡು ಕೋಟಿಯಲ್ಲಿ ಕೆರೆಗೂ ದಾರಿಗೂ ಹೋಗಬೇಕಾಗಿದ್ದ ಹಣವೆಷ್ಟು ಎಂದು ಕೇಳಿದವರಿಲ್ಲ. ಅಪರಿಗ್ರಹವನ್ನು ಬಲ್ಲ ಓದುಗರು ಈ ಪ್ರಶ್ನೆಯನ್ನು ಕೇಳದಿರಲಾರರು.

ಹದಿನೇಳರ ಹರೆಯದಲ್ಲಿ ಅಧಿಕಾರ ವಹಿಸಿಕೊಂಡ ಅರಸರು ಬೇರೆಯ ಸ್ವಭಾವದವರು. ಸಾಹಿತ್ಯ, ಸಂಗೀತ, ಚಿತ್ರಕಲೆ, ಚದುರಂಗ ಇವುಗಳಲ್ಲಿ ಅವರಿಗಿದ್ದ ಅಭಿರುಚಿಯನ್ನು ಎಲ್ಲರೂ ಬಲ್ಲರು. ಕೊಡುವ ಕೈ ದೊಡ್ಡದು. ಬೇಡಿ ಬಂದವರನ್ನು ಬರಿಗೈಯಲ್ಲಿ ಕಳುಹಿಸುವ ಗುಣ ಅವರದಲ್ಲ. ಸಂಗ್ರಹ ಕರಗಿತು, ಸೈನ್ಯದ ಸಂಬಳ ಬಾಕಿ ಬಿದ್ದಿತು, ಸಾಲ ಬೆಳೆಯಿತು. ಆಗ ಹುಜೂರಿನವರು ಹಿಡಿದ ಮಾರ್ಗವೇ ಷರತ್ತು.

ಷರತ್ತೆಂದರೇನೆಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ರಾಜ್ಯವು ಬೆಂಗಳೂರು, ಮಧುಗಿರಿ, ಚಿತ್ರದುರ್ಗ, ಅಷ್ಟಗ್ರಾಮ, ಮಂಜರಾಬಾದು, ನಗರ ಎಂಬ ಆರು ಫೌಜುದಾರಿಗಳಾಗಿ ಹಂಚಿಕೊಂಡಿತ್ತು. ಫೌಜುದಾರನೆಂದರೆ ಇಂದಿನ ಮಾತಿನಲ್ಲಿ ಪ್ರಾಂತ್ಯದ ರಾಜ್ಯಪಾಲನೆನ್ನಬಹುದು. ಕಂದಾಯವೂ ದಂಡವೂ ಅವನ ಕೈಯಲ್ಲೇ. ಅಧಿಕಾರಿಯು ವರ್ಷದ ಆರಂಭದಲ್ಲಿ ಒಂದು ಮುಚ್ಚಳಿಕೆ ಬರೆದುಕೊಡುತ್ತಿದ್ದನು. ಇಷ್ಟು ಹಣವನ್ನು ಸರ್ಕಾರಕ್ಕೆ ಎತ್ತಿಕೊಡುತ್ತೇನೆ, ಕಡಿಮೆ ಬಿದ್ದರೆ ಕೈಯಿಂದ ತುಂಬುತ್ತೇನೆ, ಹೆಚ್ಚು ಬಂದರೆ ಅದೂ ಸರ್ಕಾರದ್ದೇ ಎಂದು ಅದರ ಸಾರ. ಒಪ್ಪಿಕೊಂಡ ಮೊತ್ತವು ಸಾಮಾನ್ಯವಾಗಿ ಹಿಂದಿನ ವರ್ಷ ವಸೂಲಾದುದಕ್ಕಿಂತ ಹೆಚ್ಚಿನದಾಗಿರುತ್ತಿತ್ತು.

ಇದನ್ನು ಗುತ್ತಿಗೆಯೆನ್ನುವುದೂ ಪೂರ್ತಿ ಸರಿಯಲ್ಲ. ಗುತ್ತಿಗೆದಾರನಿಗೆ ನಷ್ಟದ ಭಯವಿದ್ದಂತೆ ಲಾಭದ ಆಸೆಯೂ ಇರುತ್ತದೆ. ಷರತ್ತಿನ ಅಧಿಕಾರಿಗೆ ಕಾಗದದ ಮೇಲೆ ನಷ್ಟ ಮಾತ್ರ ಉಂಟು, ಲಾಭವಿಲ್ಲ. ಅಂತಹ ಪತ್ರಕ್ಕೆ ಬುದ್ಧಿಯುಳ್ಳವನು ಏಕೆ ಸಹಿ ಹಾಕುತ್ತಾನೆ? ಲಾಭವು ಲೆಕ್ಕದ ಪುಸ್ತಕದ ಹೊರಗೆ ಇದೆಯೆಂದು ಅವನಿಗೆ ಗೊತ್ತು. ಅದನ್ನು ಕೊಟ್ಟ ದೊರೆಗೂ ಗೊತ್ತು. ಹೆಚ್ಚು ವಸೂಲಾದುದನ್ನು ತೋರಿಸದಿರುವುದೇ ಆ ಪತ್ರದ ಓದದ ಷರತ್ತು.

ಇನ್ನೊಂದು ಸಂಗತಿ ಇದಕ್ಕಿಂತಲೂ ವಿಚಾರಣೀಯವಾದುದು. ಅದೇ ಮುಚ್ಚಳಿಕೆಯಲ್ಲಿ ರೈತರನ್ನು ಪೀಡಿಸುವುದಿಲ್ಲ, ಹೊಸ ತೆರಿಗೆ ಹಾಕುವುದಿಲ್ಲ, ಸರ್ಕಾರದ ಪಾಲಿನ ಧಾನ್ಯವನ್ನು ರೈತರು ಬಲವಂತವಾಗಿ ಕೊಳ್ಳುವಂತೆ ಮಾಡುವುದಿಲ್ಲ ಎಂಬ ಮಾತುಗಳೂ ಇರುತ್ತಿದ್ದವು. ಧರ್ಮದ ಮಾತು ಕಾಗದದಲ್ಲಿ ಇತ್ತೇ ಇತ್ತು. ಆದರೆ ಅದು ಮುರಿದುಬಿದ್ದಿತೆಂದು ದೂರು ಬಂದಾಗ ಹುಜೂರಿನಲ್ಲಿ ಯಾರೂ ಗಮನ ಕೊಡುತ್ತಿರಲಿಲ್ಲವೆಂದು ಮುಂದೆ 1833ರಲ್ಲಿ ವಿಚಾರಣೆ ನಡೆಸಿದ ಸಮಿತಿ ಕಂಡುಕೊಂಡಿತು. ಹಣದ ಷರತ್ತನ್ನು ಪೈಸೆ ಬಿಡದೆ ನಡೆಸುವುದು, ದಯೆಯ ಷರತ್ತನ್ನು ಕೇಳದಿರುವುದು, ಎರಡೂ ಒಂದೇ ಪತ್ರದ ಮೇಲೆ. ಕಡೆಗೆ ಇದರಿಂದ ರೈತರು ಬಡವಾದರು, ಬೊಕ್ಕಸವೂ ತುಂಬಲಿಲ್ಲ, ಎಷ್ಟೋ ಅಮಲ್ದಾರರು ತಾವೇ ಹಾಳಾದರು.

ಇದರ ಮೇಲೆ ಕಾಲವೂ ಅನುಕೂಲವಾಗಿರಲಿಲ್ಲ. 1820ರ ದಶಕದಲ್ಲಿ ದಕ್ಷಿಣ ಭಾರತದಲ್ಲಿ ಧಾನ್ಯದ ಬೆಲೆ ಇಳಿಯಿತು. ಕಂದಾಯವನ್ನು ನಗದಾಗಿ ಕೊಡಬೇಕಾದವನಿಗೆ ಬೆಲೆಯಿಳಿತವೆಂದರೆ ಕಂದಾಯದ ಏರಿಕೆಯೇ. ನಿನ್ನೆ ಹತ್ತು ಚೀಲ ಮಾರಿ ತೀರಿಸಿದ ಬಾಕಿಗೆ ಇಂದು ಹದಿಮೂರು ಹದಿನಾಲ್ಕು ಚೀಲ ಬೇಕಾದರೆ, ದರ ಹೆಚ್ಚಿಸಲಿಲ್ಲವೆಂದು ಸರ್ಕಾರ ಹೇಳಿಕೊಳ್ಳುವುದರಲ್ಲಿ ಅರ್ಥವಿಲ್ಲ. ಪಾಲಾಗಿ ಬಂದ ಧಾನ್ಯವನ್ನು ಪೇಟೆಯ ಬೆಲೆಗಿಂತ ಹೆಚ್ಚಿಗೆ ರೈತನ ತಲೆಗೇ ಕಟ್ಟುವ ದುರಭ್ಯಾಸ ಬೆಳೆದುದೂ ಇಂತಹ ಕಾಲದಲ್ಲಿಯೇ.

ಭೂಮಿಯ ಕಂದಾಯ ಒಂದು ಕಡೆಯಾದರೆ ಸಾಯರ್ ಇನ್ನೊಂದು. ಹೇರು ಹೊರಟ ಊರಿನಿಂದ ಮುಟ್ಟುವ ಊರಿನವರೆಗೆ ಸುಂಕದ ಕಟ್ಟೆಗಳು. ಒಂದು ಕಟ್ಟೆಯಲ್ಲಿ ಕೊಟ್ಟ ರಸೀದಿ ಇನ್ನೊಂದರಲ್ಲಿ ನಡೆಯದು. ದಾವಣಗೆರೆಯ ಹಿರಿಯ ವ್ಯಾಪಾರಿಗಳಿಗೆ ಆಕ್ಟ್ರಾಯ್ ನಾಕೆಗಳ ನೆನಪು ಇನ್ನೂ ಇದೆ. ಕರ್ನಾಟಕದಲ್ಲಿ ಅದು 1979ರಲ್ಲಿ ರದ್ದಾಯಿತು, ಪ್ರವೇಶ ತೆರಿಗೆ ಬಂದಿತು, 2017ರಲ್ಲಿ ಅದೂ ಜಿ.ಎಸ್.ಟಿ.ಯಲ್ಲಿ ಲೀನವಾಯಿತು. ಆ ನಾಕೆಗಳ ಮುಂದೆ ಲಾರಿ ನಿಲ್ಲಿಸಿ ಕಾದವರಿಗೆ ಅಂದಿನ ಕಟ್ಟೆಗಳ ಪಾಡು ಸುಲಭವಾಗಿ ಅರ್ಥವಾದೀತು. ಒಂದು ವ್ಯತ್ಯಾಸವೆಂದರೆ, ನಾಕೆಯ ಗುಮಾಸ್ತನಿಗೆ ಸಂಬಳವಿತ್ತು.

ಬಾಬ್ತಿನ ಚಿಲ್ಲರೆ ತೆರಿಗೆಗಳ ಪಟ್ಟಿಯನ್ನು ಓದಿದರೆ ನಗು ಬರುವುದೋ ಅಳು ಬರುವುದೋ ಹೇಳುವುದು ಕಷ್ಟ. ಮದುವೆಗೆ ತೆರಿಗೆ; ಮಗು ಹುಟ್ಟಿದರೆ ತೆರಿಗೆ; ಅದಕ್ಕೆ ಹೆಸರಿಟ್ಟರೆ ತೆರಿಗೆ; ತಲೆಗೂದಲು ತೆಗೆಸಿದರೆ ತೆರಿಗೆ. ಒಂದು ಹಳ್ಳಿಯವರು, ತಮ್ಮ ಪೂರ್ವಿಕರು ಯಾವನೋ ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕೆ ತಲೆಮಾರುಗಳಿಂದ ತೆರಿಗೆ ಕೊಡುತ್ತಿದ್ದರು. ನಗರ ಸೀಮೆಯ ಒಂದು ಸ್ಥಳವನ್ನು ಕೈಗಳನ್ನು ಮೈಗೆ ಅಂಟಿಸಿಕೊಳ್ಳದೆ ದಾಟಿದವನೂ ತೆರಿಗೆ ಕೊಡಬೇಕಾಗಿತ್ತು. ಇವು ಕಟ್ಟುಕಥೆಗಳಲ್ಲ, ರಾಜ್ಯದ ಆದಾಯದ ಬಾಬುಗಳೆಂದು ಸರ್ಕಾರದ ದಫ್ತರಗಳಲ್ಲಿ ಕ್ರಮವಾಗಿ ನಮೂದಾಗಿದ್ದವು. ಇವುಗಳಲ್ಲಿ ಬಹಳಷ್ಟು ಕೃಷ್ಣರಾಜರು ಹಾಕಿದವಲ್ಲ, ಪಾಳೆಯಗಾರರ ಕಾಲದಿಂದ ಉಳಿದುಬಂದವು ಎಂಬ ಸಮಾಧಾನವನ್ನು ಹೇಳಬಹುದು. ಆದರೆ ಕುದುರೆ ಸತ್ತು, ಪಾಳೆಯಗಾರ ಸತ್ತು, ಪಾಳೆಯಪಟ್ಟೇ ಹೋದ ಮೇಲೂ ಆ ಹಣವನ್ನು ಎಣಿಸಿ ತೆಗೆದುಕೊಂಡ ಕೈ ಯಾವುದು ಎಂಬ ಪ್ರಶ್ನೆ ಉಳಿಯುತ್ತದೆ. ತದಾಹೃತಾದಾನವೆಂಬ ಮಾತಿಗೆ ಸಿಂಹಾಸನದ ಮಟ್ಟದಲ್ಲಿ ಅರ್ಥವಿದ್ದರೆ ಅದು ಇಲ್ಲಿಯೇ.

ಎಚ್ಚರಿಕೆ ಬಾರದೆ ಇರಲಿಲ್ಲ. 1825ರಲ್ಲಿ ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ ಮೈಸೂರಿಗೆ ಬಂದು, ವರ್ಷವರ್ಷವೂ ಜಮಾಖರ್ಚಿನ ಲೆಕ್ಕ ಒಪ್ಪಿಸಬೇಕೆಂದೂ ಹಣಕಾಸು ಸುಧಾರಿಸದಿದ್ದರೆ ಕಂಪನಿ ಕೈಹಾಕಬೇಕಾದೀತೆಂದೂ ಅರಸರಿಗೆ ನೇರವಾಗಿ ತಿಳಿಸಿದನು. ಕೆಲಕಾಲ ಖರ್ಚು ತಗ್ಗಿತು. ಷರತ್ತು ಮಾತ್ರ ಹೋಗಲಿಲ್ಲ. ಹೋಗಬೇಕಾಗಿದ್ದುದು ಅದೇ.

ನಗರದ ಫೌಜುದಾರಿಯಲ್ಲಿ ನಡೆದುದು ಇನ್ನೂ ಸೂಕ್ಷ್ಮವಾದ ಸಂಗತಿ. ಅಲ್ಲಿ ಬಹುಕಾಲ ರಾಮರಾಯನೂ ಬಳಿಕ ಅವನ ಸಂಬಂಧಿಯಾದ ಕೃಷ್ಣರಾಯನೂ ಅಧಿಕಾರ ನಡೆಸಿದರು. ಲೆಕ್ಕದಲ್ಲಿ ಮೋಸವಿದೆಯೆಂಬ ಸಂಶಯ ಬಂದು, 1828ರ ಸುಮಾರಿಗೆ ಅರಸರು ತಮ್ಮ ಬಂಧುವಾದ ವೀರರಾಜೇ ಅರಸನ್ನು ಫೌಜುದಾರನನ್ನಾಗಿ ಕಳುಹಿಸಿದರು. ಆತನು ಹಳೆಯ ಕಡತಗಳನ್ನು ತೆಗೆಸಿ ತನಿಖೆ ಮಾಡಿದನು. ಕೃಷ್ಣರಾಯನು ಕೊಟ್ಟಿದ್ದ ವಿನಾಯಿತಿಗಳಲ್ಲಿ ಕೆಲವನ್ನು ರದ್ದುಮಾಡಿದನು. ಭೂಮಿಯ ಕಂದಾಯವನ್ನು ಏರಿಸಿದನು. ಒಂದು ಕೈಬರಹದಿಂದ ಎಷ್ಟೋ ರೈತರ ಮತ್ತು ಹಿಡುವಳಿದಾರರ ಹೆಸರಿನ ಮುಂದೆ ಹಳೆಯ ಬಾಕಿ ಮತ್ತೆ ಹುಟ್ಟಿಕೊಂಡಿತು.

ವೀರರಾಜೇ ಅರಸನ ಕ್ರಮವನ್ನು ಲೆಕ್ಕಪರಿಶೋಧನೆಯೆಂದು ನೋಡಿದರೆ ತಪ್ಪು ಹೇಳಲಾಗದು. ಬೊಕ್ಕಸಕ್ಕೆ ಬರಬೇಕಾದುದು ನಡುವೆ ಸೋರಿದ್ದರೆ ಅದನ್ನು ಹುಡುಕಬೇಕಾದುದೇ. ಆದರೆ ಸೋರಿದುದು ಅಧಿಕಾರಿಯ ಮನೆಯಲ್ಲಿ, ವಸೂಲಿ ಹೊರಟಿದ್ದು ರೈತನ ಮನೆಗೆ. ಸರ್ಕಾರದ ಮೊಹರಿನಿಂದ ದೊರೆತ ವಿನಾಯಿತಿಯನ್ನು ನಂಬಿ ಹೊಲ ಉತ್ತವನು, ಆ ಮೊಹರನ್ನು ಒತ್ತಿದವನು ಪ್ರಾಮಾಣಿಕನೋ ಅಲ್ಲವೋ ಎಂದು ಹೇಗೆ ತಿಳಿಯಬೇಕು? ಪೇಟೆಯಲ್ಲಿ ಮುನೀಮನು ಮಾಡಿದ ರಿಯಾಯಿತಿಗೆ ಯಜಮಾನನೇ ಹೊಣೆ. ಮುನೀಮನನ್ನು ಬಿಡಿಸಬಹುದು, ಅವನಿಂದ ನಷ್ಟವನ್ನು ತುಂಬಿಸಿಕೊಳ್ಳಬಹುದು. ಗಿರಾಕಿಯ ಮನೆಯ ಬಾಗಿಲಿಗೆ ಹೋಗಿ ಕೊಟ್ಟ ರಿಯಾಯಿತಿಯನ್ನು ಹಿಂದಕ್ಕೆ ಕೇಳುವ ಯಜಮಾನನ ಅಂಗಡಿಗೆ ಎರಡನೆಯ ಬಾರಿ ಯಾರೂ ಹೋಗುವುದಿಲ್ಲ. ನಗರದಲ್ಲಿ ಹಾಗೆಯೇ ಆಯಿತು. ಅಧಿಕಾರ ಕಳೆದುಕೊಂಡ ಹಳೆಯ ಪಕ್ಷದವರು ಅಸಮಾಧಾನಕ್ಕೆ ಗಾಳಿ ಊದಿದರೆಂಬುದು ನಿಜ. ಅವರು ಊದಿದ್ದು ಬೂದಿಯನ್ನಲ್ಲ, ಕೆಂಡವನ್ನು.

1830ರಲ್ಲಿ ರೈತರು ಕೂಟಗಳನ್ನು ಸೇರಿಸಿದರು. ಬಸವಾಪಟ್ಟಣ, ಹೊಳೆಹೊನ್ನೂರು ಮುಂತಾದೆಡೆ ಪಟೇಲರೂ ರೈತರೂ ನೆರೆದು, ಕಂದಾಯ ಇಳಿಯುವವರೆಗೆ ಕೊಡುವುದಿಲ್ಲವೆಂದು ಕುಳಿತರು. ಮೊದಮೊದಲು ಅವರು ಕೇಳಿದ್ದು ರಾಜ್ಯವನ್ನಲ್ಲ, ವಿನಾಯಿತಿಯನ್ನು. ಕೂಟಗಳಿಗೆ ಸಕಾಲದಲ್ಲಿ ನ್ಯಾಯ ದೊರೆತಿದ್ದರೆ ಬೂದಿ ಬಸವಪ್ಪನೆಂಬವನು ತಾನು ಹಿಂದಿನ ನಗರದ ಅರಸುಮನೆತನದ ಹಕ್ಕುದಾರನೆಂದು ಹೇಳಿಕೊಂಡು ಮುಂದೆ ಬಂದಾಗ ಅವನ ಹಿಂದೆ ಅಷ್ಟು ಜನ ನಿಲ್ಲುತ್ತಿರಲಿಲ್ಲ. ತರೀಕೆರೆಯ ಪಾಳೆಯಗಾರರೂ ಸೇರಿಕೊಂಡರು. ಚನ್ನಗಿರಿ, ಹೊನ್ನಾಳಿ, ಶಿಕಾರಿಪುರ ಸೀಮೆಗಳು ಹೊತ್ತಿಕೊಂಡವು. ಮೈಸೂರಿನ ಪಡೆಗೆ ಇದನ್ನು ಅಡಗಿಸಲಾಗದೆ ಕಂಪನಿಯ ಸೈನ್ಯ ಇಳಿಯಿತು. 1831ರ ನಡುವಿನಲ್ಲಿ ನಗರದ ಕೋಟೆ ಅವರ ವಶವಾಯಿತು. ಸತ್ತವರು ಎರಡೂ ಕಡೆ ಬಹುಪಾಲು ಬಡವರೇ. ಕಂದಾಯದ ಪುಸ್ತಕದಲ್ಲಿ ಆರಂಭವಾದ ಒಂದು ತಪ್ಪು ಎಷ್ಟು ದೂರದ ಹಿಂಸೆಯಾಗಿ ಬೆಳೆಯಿತೆಂಬುದನ್ನು ಅಹಿಂಸೆಯ ವಿಚಾರ ಮಾಡುವವರು ಗಮನಿಸಬೇಕು. ಅಹಿಂಸೆಯ ಚರ್ಚೆ ಆಹಾರದಲ್ಲಿಯೇ ನಿಂತುಬಿಡುವುದುಂಟು. ದಫ್ತರದೊಳಕ್ಕೆ ಬರುವುದು ಅಪರೂಪ.

1831ರ ಸೆಪ್ಟೆಂಬರಿನಲ್ಲಿ ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕನು ಪತ್ರ ಬರೆದು, ಅಕ್ಟೋಬರಿನಲ್ಲಿ ಆಡಳಿತವನ್ನು ಅರಸರ ಕೈಯಿಂದ ತೆಗೆದುಕೊಂಡನು. ಅರಸರ ಖರ್ಚಿಗೆ ವರ್ಷಕ್ಕೆ ಒಂದು ಲಕ್ಷ ನಕ್ಷತ್ರ ವರಹವೂ ನಿವ್ವಳ ಆದಾಯದ ಐದನೆಯ ಒಂದು ಭಾಗವೂ ಗೊತ್ತಾಯಿತು.

ಇಲ್ಲಿಗೆ ನಿಲ್ಲಿಸಿದರೆ ತೀರ್ಪು ಸುಲಭ. ಆದರೆ ಅನೇಕಾಂತವನ್ನು ಒಪ್ಪಿದವರು ತೀರ್ಪು ಕೊಟ್ಟವನ ತಕ್ಕಡಿಯನ್ನೂ ನೋಡಬೇಕಾಗುತ್ತದೆ. ಹಾಕರ್, ಮಾರಿಸನ್, ಮೆಕ್ಲಿಯಡ್, ಕಬ್ಬನ್ ಎಂಬ ನಾಲ್ವರ ಸಮಿತಿ ದಂಗೆಯ ಕಾರಣಗಳನ್ನು ಪರಿಶೀಲಿಸಿ 1833ರ ಡಿಸೆಂಬರಿನಲ್ಲಿ ವರದಿ ಒಪ್ಪಿಸಿತು. ದುರಾಡಳಿತವನ್ನು ಅದು ಮುಚ್ಚಲಿಲ್ಲ. ಆದರೆ ಬೆಂಟಿಂಕನಿಗೆ ಮೊದಲು ತಲುಪಿದ್ದ ವರದಿಗಳಲ್ಲಿ ಅತಿಶಯೋಕ್ತಿ ಇತ್ತೆಂಬುದೂ ಅದರಿಂದ ಹೊರಬಿದ್ದಿತು. 1834ರಲ್ಲಿ ಬೆಂಟಿಂಕನೇ ತನ್ನ ಟಿಪ್ಪಣಿಯಲ್ಲಿ, ತಾನು ಮಾಡಿದುದು ಒಪ್ಪಂದದ ಕಟ್ಟುನಿಟ್ಟಾದ ಅರ್ಥಕ್ಕೆ ಹೊಂದುತ್ತದೆಯೇ ಎಂಬ ಸಂದೇಹವನ್ನು ವ್ಯಕ್ತಪಡಿಸಿದನು. ರಾಜ್ಯವನ್ನು ವಶಪಡಿಸಿಕೊಳ್ಳಲು ಒಪ್ಪಂದದಲ್ಲಿದ್ದ ಕಾರಣ ಸಹಾಯಧನ ನಿಂತುಹೋಗುವ ಭಯ. ಆ ಹಣಕ್ಕೆ ತಕ್ಷಣದ ಅಪಾಯವೇನೂ ಇರಲಿಲ್ಲವೆಂದು ಅವನೇ ಒಪ್ಪಿಕೊಂಡನು. ರಾಜ್ಯದ ಒಂದು ಭಾಗವನ್ನಾದರೂ ಅರಸರಿಗೆ ಹಿಂದಿರುಗಿಸಬೇಕೆಂಬ ಅವನ ಸಲಹೆಯನ್ನು ಲಂಡನ್ನಿನ ನಿರ್ದೇಶಕರು ಒಪ್ಪಲಿಲ್ಲ.

ಇದರಲ್ಲಿ ಒಂದು ವಿಪರ್ಯಾಸವಿದೆ. ಕಂಪನಿಯು ಮೈಸೂರಿನೊಡನೆ ಮಾಡಿಕೊಂಡದ್ದೂ ಒಂದು ಷರತ್ತೇ. ಇಷ್ಟು ಹಣ ಬರಬೇಕು. ಎಲ್ಲಿಂದ, ಹೇಗೆ ಎಂಬುದು ನಿಮ್ಮ ಪಾಡು. ಅರಸರು ಫೌಜುದಾರನಿಗೂ, ಫೌಜುದಾರನು ಅಮಲ್ದಾರನಿಗೂ, ಅಮಲ್ದಾರನು ಶಾನುಭೋಗನಿಗೂ ಅದೇ ಮಾತನ್ನು ದಾಟಿಸಿದರು. ಇಪ್ಪತ್ತು ವರ್ಷ ಆ ಹಣವನ್ನು ತಪ್ಪದೆ ಎಣಿಸಿಕೊಂಡು, ಬಳಿಕ ಅದು ಬಂದ ದಾರಿ ಅನ್ಯಾಯದ್ದೆಂದು ದೊರೆಯನ್ನು ಇಳಿಸಿದವರು, ಎಣಿಸಿಕೊಂಡ ಹಣದಲ್ಲಿ ಒಂದು ರೂಪಾಯಿಯನ್ನೂ ರೈತನಿಗೆ ಹಿಂದಿರುಗಿಸಲಿಲ್ಲ. ಹಾಗೆಂದು ಅರಸರ ಹೊಣೆ ಕಡಿಮೆಯಾಗದು. ಸಹಾಯಧನದ ಭಾರ ಪೂರ್ಣಯ್ಯನವರ ಕಾಲದಲ್ಲಿಯೂ ಅಷ್ಟೇ ಇತ್ತು. ಕೃಷ್ಣರಾಜರು ಕ್ರೂರಿಗಳಾಗಿರಲಿಲ್ಲ; ರೈತನ ಮೇಲೆ ನಡೆದ ಪೀಡನೆಯನ್ನು ಕಣ್ಣಾರೆ ಕಂಡಿದ್ದರೆ ಅವರು ಸಹಿಸುತ್ತಿರಲಿಲ್ಲ. ಕಾಣದಂತೆ ಇರುವ ಏರ್ಪಾಡಿಗೆ ತಾವೇ ಸಹಿ ಮಾಡಿದರೆಂಬುದೇ ಅವರ ಮೇಲಿನ ನಿಜವಾದ ಆಪಾದನೆ.

ಈ ವಿಚಾರ ಜಿನಾಲಯಗಳ ಹೊಸ್ತಿಲಿಗೂ ಬರುತ್ತದೆ. ಶ್ರವಣಬೆಳಗೊಳದ ಮಠಕ್ಕೆ 1810ರಲ್ಲಿ ಪೂರ್ಣಯ್ಯನವರೂ, 1830ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರೂ ಗ್ರಾಮಗಳ ಉತ್ಪತ್ತಿಯನ್ನು ಬಿಟ್ಟುಕೊಟ್ಟ ಸನದುಗಳಿವೆ. ಎರಡನೆಯದರ ವರ್ಷವನ್ನು ಗಮನಿಸಬೇಕು. ಬಸವಾಪಟ್ಟಣದ ಕೂಟಗಳು ಸೇರಿದ ವರ್ಷವೂ ಅದೇ. ಗೊಮ್ಮಟೇಶ್ವರನ ಸೇವೆಗೆ ಆ ಅರಸರು ಸಲ್ಲಿಸಿದುದನ್ನು ಸಮಾಜವು ಕೃತಜ್ಞತೆಯಿಂದಲೇ ನೆನೆಯುತ್ತದೆ, ನೆನೆಯಬೇಕು. ಆದರೆ ಶ್ರಾವಕನ ಗುಣಗಳನ್ನು ಹೇಳುವಾಗ ಆಚಾರ್ಯರು ನ್ಯಾಯದಿಂದ ಗಳಿಸಿದ ಧನಕ್ಕೆ ಮೊದಲ ಸ್ಥಾನ ಕೊಟ್ಟರು; ದಾನಕ್ಕೆ ಅನಂತರದ ಸ್ಥಾನ. ದೇಣಿಗೆಯ ಮೊತ್ತವನ್ನು ಕಲ್ಲಿನಲ್ಲಿ ಕೆತ್ತಿಸುವ ಇಂದಿನ ಟ್ರಸ್ಟುಗಳು ಆ ಮೊತ್ತ ಬಂದ ದಾರಿಯನ್ನು ಕೇಳುವುದುಂಟೇ? ಕೇಳಿದರೆ ದಾನಿಗಳು ದೂರವಾಗುವರೆಂಬ ಅಂಜಿಕೆ ಸಹಜವಾದುದು. ಹುಜೂರಿನವರ ಅಂಜಿಕೆಯೂ ಇಂತಹುದೇ ಆಗಿತ್ತು: ಕೇಳಿದರೆ ಷರತ್ತಿನ ಹಣ ಬಾರದು.

ಮೊದಲಿಗೆ ಇಬ್ಬರು ಕಮಿಷನರುಗಳು, 1834ರಿಂದ ಮಾರ್ಕ್ ಕಬ್ಬನ್ ಒಬ್ಬನೇ ಆಡಳಿತ ನಡೆಸಿದನು. 1861ರವರೆಗೆ ಇಪ್ಪತ್ತೇಳು ವರ್ಷ. ಷರತ್ತು ಹೋಯಿತು. ಅಮಲ್ದಾರರಿಗೆ ಸಂಬಳ, ಕಂದಾಯಕ್ಕೆ ಬೆಳೆ ಕೈಸೇರುವ ಕಾಲಕ್ಕೆ ಹೊಂದುವ ಐದು ಕಂತು. ಸುಂಕದ ಕಟ್ಟೆಗಳು ಒಂದೊಂದಾಗಿ ಎದ್ದವು. ಆ ಕಾಲದಲ್ಲಿ ರದ್ದಾದ ಚಿಲ್ಲರೆ ತೆರಿಗೆಗಳ ಸಂಖ್ಯೆ 769. ಕುದುರೆಯ ತೆರಿಗೆಯೂ, ಕೈ ಬೀಸಿ ನಡೆದವನ ತೆರಿಗೆಯೂ ಅದರಲ್ಲಿ ಸೇರಿದ್ದವು. ಸುಮಾರು 1,600 ಮೈಲಿ ರಸ್ತೆಯಾಯಿತು. ಹೇರೆತ್ತಿನ ಜಾಗಕ್ಕೆ ಗಾಡಿ ಬಂದಿತು. ದಾವಣಗೆರೆಯ ಪೇಟೆಗೆ ಇದರಿಂದಾದ ಲಾಭ ಹೇಳಬೇಕಾಗಿಲ್ಲ. ಕಬ್ಬನ್ನನು ಪೂರ್ತಿ ನಿರ್ದೋಷಿಯೇನಲ್ಲ. ಹಳೆಯ ಅಳತೆಗಳನ್ನೇ ಬಹುಮಟ್ಟಿಗೆ ನಂಬಿಕೊಂಡುದರಿಂದ ಒಂದೇ ಬಗೆಯ ನೆಲಕ್ಕೆ ಹಳ್ಳಿ ಹಳ್ಳಿಗೂ ಬೇರೆ ಬೇರೆ ದರ ಉಳಿಯಿತು. ಹೊಲವನ್ನು ಅಳೆದು ಮೂವತ್ತು ವರ್ಷಕ್ಕೆ ಕಂದಾಯವನ್ನು ಗೊತ್ತುಪಡಿಸುವ ಸರ್ವೆ ಆರಂಭವಾದುದು ಅವನ ನಂತರ, ಬೌರಿಂಗನ ಕಾಲದಲ್ಲಿ. ಆಡಳಿತದ ಮೇಲಿನ ಹಂತದಲ್ಲಿ ನಾಡಿನವರಿಗೆ ಸ್ಥಾನವೂ ಸಿಗಲಿಲ್ಲ.

ಈ ಎಲ್ಲ ಕಾಲದಲ್ಲಿಯೂ ಕೃಷ್ಣರಾಜರು ಮೈಸೂರಿನ ಅರಮನೆಯಲ್ಲಿದ್ದು, ರಾಜ್ಯವನ್ನು ಹಿಂದಿರುಗಿಸಬೇಕೆಂದು ಮನವಿಯ ಮೇಲೆ ಮನವಿ ಬರೆಯುತ್ತಿದ್ದರು. ದತ್ತುಪುತ್ರನಿಗೆ ರಾಜ್ಯ ಸಲ್ಲುವುದೆಂಬ ತೀರ್ಮಾನ 1867ರಲ್ಲಿ ಬಂದಿತು. ಮರುವರ್ಷದ ಮಾರ್ಚಿನಲ್ಲಿ ಅವರು ತೀರಿಕೊಂಡರು. ಅದೇ 1868ರಲ್ಲಿ ಹರಿಹರದಲ್ಲಿ ತುಂಗಭದ್ರೆಗೆ ಕಲ್ಲು ಇಟ್ಟಿಗೆಗಳ ಸೇತುವೆ ಪೂರ್ಣಗೊಂಡಿತು. ಒಂದೊಂದೂ 60 ಅಡಿ ಅಗಲದ 14 ಕಮಾನುಗಳು. ತಗುಲಿದ ವೆಚ್ಚ ಮೂರು ಲಕ್ಷ ರೂಪಾಯಿಯ ಸಮೀಪ. 1799ರಿಂದ ಮೈಸೂರು ವರ್ಷಂಪ್ರತಿ ಕಟ್ಟುತ್ತ ಬಂದ ಸಹಾಯಧನದಲ್ಲಿ ಅದು ಎಂಟನೆಯ ಒಂದು ಭಾಗ.